ಸೀಸೆಯ ಬೆನ್ನಿಗೆ ನಿಂತ ರಟ್ಟು

ಈ ಭೂಮಂಡಲದಲ್ಲಿ ಇದುವರೆಗೆ ತೆಗೆಯಲಾಗಿರುವ ವೈನ್ ಸೀಸೆಗಳ ಛಾಯಾಚಿತ್ರಗಳಲ್ಲಿ ಮುಕ್ಕಾಲು ಪಾಲನ್ನು ತೆಗೆದವರು ನಮ್ಮ ಸಂಸ್ಥೆಯವರೆಲ್ಲ ಅಕ್ಕನೆಂದೇ ಕರೆಯುವ ನಮ್ಮ ಅಕ್ಕನವರು. ಉಳಿದ ಕಾಲು ಪಾಲನ್ನು ಅವರ ಕೈಕೆಳಗೆ ಪಳಗಿದ ನಾನು ತೆಗೆದಿದ್ದೇನೆ. ಮಿಕ್ಕವರು ತೆಗೆದದ್ದೆಲ್ಲ ಬರೀ ಗಾಜಿನ ಮೇಲೆ ಬಿದ್ದ ಬಿಸಿಲು. ಅಕ್ಕನವರು ದೀಪ ಹೊಂದಿಸುವ ಹೊತ್ತಿಗೆ ಸೂರ್ಯನು ನಮ್ಮ ಸ್ಟುಡಿಯೋದ ಕಿಟಕಿಯಲ್ಲಿ ಇಣುಕಿ, ಸೀಸೆಯ ಕತ್ತಿನ ಮೇಲೆ ಬೆಳಕಿನ ಗೆರೆ ಎಳೆಯುವುದು ಹೇಗೆಂದು ಕಲಿತುಕೊಂಡು ಹೋಗುತ್ತಿದ್ದನೆಂಬುದಕ್ಕೆ ನಾನೇ ಸಾಕ್ಷಿ. ಆ ಸ್ಟುಡಿಯೋಕ್ಕೆ ಕಿಟಕಿಯೇ ಇಲ್ಲವಲ್ಲ ಎಂದು ಕೆಲವರು ತಕರಾರು ತೆಗೆಯಬಹುದು. ಅಂಥವರಿಗೆ ಉತ್ತರ ಕೊಡುವ ಗೋಜಿಗೆ ನಾನು ಹೋಗುವುದಿಲ್ಲ.

ನಿಶ್ಚಲ ವಸ್ತುಗಳ ಛಾಯಾಗ್ರಹಣ ಸುಲಭದ ತುತ್ತೆಂದು ತಿಳಿದವರು ಬಹಳ. ಸೀಸೆ ಮಗುವಿನಂತೆ ಅಳುವುದಿಲ್ಲ, ಮದುಮಗಳಂತೆ ತಲೆ ತಗ್ಗಿಸುವುದಿಲ್ಲ, ದೊಡ್ಡ ಮನುಷ್ಯರಂತೆ ಹೊತ್ತಾಯಿತೆಂದು ಎದ್ದು ಹೋಗುವುದಿಲ್ಲ, ಇಟ್ಟಲ್ಲಿ ಇರುತ್ತದೆ. ಆದರೆ ಗಾಜಿಗೆ ತನ್ನದೆಂಬ ಮುಖವಿಲ್ಲ. ಎದುರಿಗಿರುವ ದೀಪ, ಗೋಡೆ, ಕ್ಯಾಮೆರಾದ ಮೂರು ಕಾಲು, ತೆಗೆಯುವವರ ಮೂಗು, ಎಲ್ಲವನ್ನೂ ಮೈಮೇಲೆ ಎಳೆದುಕೊಂಡು ಅದು ಊರಿಗೆಲ್ಲ ಸಾರುತ್ತದೆ. ಅಂಥ ಚಾಡಿಕೋರ ವಸ್ತುವನ್ನು ಮೂವತ್ತೈದು ವರ್ಷ ಪಳಗಿಸಿ, ವೈನ್ ವ್ಯಾಪಾರದ ಕ್ಯಾಟಲಾಗನ್ನು ಜನರು ಕೊಳ್ಳುವ ಉದ್ದೇಶವಿಲ್ಲದೆಯೂ ಕೂತು ನೋಡುವಂತೆ ಮಾಡಿದವರು ನಮ್ಮ ಅಕ್ಕನವರು.

ಈ ತಿಂಗಳ ಕೊನೆಯ ದಿನ ಅವರು ನಿವೃತ್ತರಾಗುತ್ತಿದ್ದಾರೆ. ವ್ಯಾಪಾರಿಗಳಿಗೆ ಕ್ಯಾಟಲಾಗ್ ಮಾಡಿಕೊಡುವ ನಮ್ಮ ಸಂಸ್ಥೆಯ ಕಾರಿಡಾರಿನಲ್ಲಿ ಮುಖ್ಯ ಛಾಯಾಗ್ರಾಹಕರ ಭಾವಚಿತ್ರಗಳು ಸಾಲಾಗಿ ತೂಗುತ್ತಿವೆ. ಕೊನೆಯದು, ಈಗಿನ ಮುಖ್ಯಸ್ಥನಾದ ನನ್ನದು. ಅಕ್ಕನವರದು ಅಲ್ಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ದಫ್ತರದಲ್ಲಿ ಅವರ ಹೆಸರಿನ ಎದುರು ಬಿದ್ದ ಒಂದು ಸಾಲು ಇದಕ್ಕೆ ಕಾರಣ: "ಇವರ ಅಜಾಗರೂಕತೆಯಿಂದ ಗಿರಾಕಿಯೊಬ್ಬರ ಬದಲಿಯಿಲ್ಲದ ಸೀಸೆಯ ವೈನ್ ನಾಶವಾಗಿದೆ." ಆ ಸಾಲನ್ನು ಹೊಡೆದುಹಾಕಿ ಅವರ ಚಿತ್ರವನ್ನು ಗೋಡೆಗೆ ಏರಿಸಬಹುದೇ ಎಂಬುದನ್ನು ಆಡಳಿತ ಮಂಡಳಿಯು ಬೀಳ್ಕೊಡುಗೆಗೆ ಮುಂಚೆ ತೀರ್ಮಾನಿಸಲಿದೆ. ಆ ದಿನ ಸ್ಟುಡಿಯೋದಲ್ಲಿದ್ದ ಇನ್ನೊಬ್ಬನು ನಾನೇ ಆದ್ದರಿಂದ, ಈ ಲೇಖನವನ್ನು ಮಂಡಳಿಯ ಮುಂದಿಡುವುದೆಂದು, ಬೀಳ್ಕೊಡುಗೆಗೆ ಹೊರತರುತ್ತಿರುವ ಅಭಿನಂದನ ಗ್ರಂಥದ ಸಂಪಾದಕಿಯವರು ಮೊದಲೇ ತಿಳಿಸಿದ್ದರು. ಸಂಪಾದಕಿ ಎಂದರೆ, ಹರಿದ ಲೇಬಲ್ಲುಗಳನ್ನು ಅಂಟಿಸಿ ಸರಿಪಡಿಸುವ ನಮ್ಮ ಲೇಬಲ್ ಚಿಕ್ಕಮ್ಮ. ಯಾರಿಗೆ ಚಿಕ್ಕಮ್ಮ ಎಂದು ಕೇಳಬಾರದು, ಇಡೀ ಸಂಸ್ಥೆಗೆ. ಒಂದು ಸಾಲು ತಾನೇ, ನನ್ನ ಲೇಖನಿಯ ಒಂದೇ ಏಟಿಗೆ ಅದು ಹೇಳಹೆಸರಿಲ್ಲದಂತಾಗುತ್ತದೆಂದು ಅವರಿಗೆ ಮಾತು ಕೊಟ್ಟು ಬರೆಯಲು ಕೂತೆ.

ಅಕ್ಕನವರು ಸಂಸ್ಥೆಗೆ ಬಂದದ್ದು ಕನ್ನಡಕದ ಅಂಗಡಿಯಿಂದ. ಅಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದವರಿಗೆ ಬೆಳಕು ಎಲ್ಲಿ ಒಳಹೊಕ್ಕು ಎಲ್ಲಿ ಬಾಗಿ ಹೊರಬೀಳುತ್ತದೆಂಬುದು ಕೈಬೆರಳಿಗೇ ಗೊತ್ತಿತ್ತು. ಬಂದ ವಾರದಲ್ಲಿ ಅವರು ಒಂದೂ ಚಿತ್ರ ತೆಗೆಯಲಿಲ್ಲ. ಏಣಿ ತರಿಸಿ, ಬಿಳಿ ಗೋಡೆಗಳಿಗೆ, ಛಾವಣಿಗೆ, ಬಾಗಿಲ ಹಿಡಿಗೆ ಸಹ ಕಪ್ಪು ಬಣ್ಣ ಬಳಿಸಿದರು. ಏಳು ವರ್ಷಗಳ ತರುವಾಯ, ಲೋಕದ ಎಲ್ಲ ಸ್ಟುಡಿಯೋಗಳೂ ನನಗಾಗಿ ಕಿತ್ತಾಡುತ್ತಿದ್ದ ಕಾಲದಲ್ಲಿ, ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವರ ಸಹಾಯಕನಾಗಿ ಸೇರಿದೆ. ಅವರು ಕ್ಯಾಮೆರಾದಿಂದ ತಲೆಯೆತ್ತದೆ ಹೇಳಿದ ಮೊದಲ ಮಾತು ಇಂದಿಗೂ ಕಿವಿಯಲ್ಲಿದೆ.

"ಸೀಸೆಯ ಹೆಗಲ ಮೇಲೆ ಒಂದು ಅಂಗಿ ಒಣಹಾಕಿದ ಹಾಗೆ ಕಾಣ್ತಿದೆ. ನಿಮ್ಮದಾ?"

"ಹೌದಕ್ಕ. ಹೊಸದು."

"ಚೆನ್ನಾಗಿದೆ. ಮನೇಲಿಟ್ಟು ಬನ್ನಿ."

ಹೀಗೆಂದವರು ತಮ್ಮ ಕರಿಯ ಕೋಟನ್ನು ಬಿಚ್ಚಿ ನನಗೆ ಕೊಟ್ಟರು. ತಾವು ಆ ಚಳಿಯ ಕೋಣೆಯಲ್ಲಿ ಇಡೀ ದಿನ ಕಪ್ಪು ಪರದೆಯ ತುಂಡೊಂದನ್ನು ಹೊದ್ದು ಕೆಲಸ ಮಾಡಿದರು. 'ನೀವು' ಎನ್ನುವುದು 'ನೀನು' ಆಗಲು ಒಂದು ತಿಂಗಳು ಹಿಡಿಯಿತು. ನಾನು ಲೇಬಲ್ಲಿನ ಅಕ್ಷರ ಓದಲು ಕಣ್ಣು ಕಿರಿದು ಮಾಡುವುದನ್ನು ಗಮನಿಸಿ, ಸ್ವತಃ ತಮ್ಮ ಹಳೆಯ ಅಂಗಡಿಗೆ ಕರೆದೊಯ್ದು ನನಗೊಂದು ಕನ್ನಡಕ ಉಜ್ಜಿಕೊಟ್ಟವರೂ ಅವರೇ. ಅಲ್ಲಿಯವರೆಗೆ ನಾನು ಹದ್ದಿನ ಕಣ್ಣಿನವನೆಂದು ಹೇಳಿಕೊಂಡು ಓಡಾಡುತ್ತಿದ್ದೆ.

ವಸ್ತುಗಳನ್ನು ಹೊಂದಿಸುವುದರಲ್ಲಿ ಅವರ ಹಟ ಹೇಳತೀರದು. ಒಮ್ಮೆ ಮೇಜಿನ ಮೇಲೆ ಒಂದು ಸೀಸೆ, ಮರದ ಹಿಡಿಯ ಚಾಕು, ಒಡೆದ ಅಕ್ರೋಟು ಇಷ್ಟೇ ಇದ್ದವು. ಚಾಕುವಿನ ಅಲಗು ಸೀಸೆಯ ಕಡೆ ತಿರುಗಿದ್ದರೆ ಜಗಳವಾಡಿದಂತೆ ಕಾಣುತ್ತದೆ, ಬೆನ್ನು ತಿರುಗಿಸಿದರೆ ಮುನಿಸಿಕೊಂಡಂತೆ ಕಾಣುತ್ತದೆ ಎನ್ನುತ್ತಾ ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಅಕ್ರೋಟನ್ನು ಉಗುರಿನಷ್ಟು ಆಚೆ, ಉಗುರಿನಷ್ಟು ಈಚೆ ಸರಿಸಿದರು. ಅವರು ಕೈ ತೊಳೆಯಲು ಹೋದಾಗ ನಾನು ಹಸಿವು ತಾಳಲಾರದೆ ಅಕ್ರೋಟನ್ನು ತಿಂದು, ಅದರ ಅವಳಿಯಂತಿದ್ದ ಇನ್ನೊಂದನ್ನು ಒಡೆದು ಅಲ್ಲೇ ಇಟ್ಟೆ. ಅವರು ಬಂದು ಕ್ಯಾಮೆರಾಕ್ಕೆ ಕಣ್ಣಿಟ್ಟರು.

"ಇದು ಅದಲ್ಲ."

"ಅದೇ ಅಕ್ಕಾ. ಬೆಳಕು ಸ್ವಲ್ಪ ಅಲ್ಲಾಡಿರಬೇಕು."

ಬೆಳಕು ಅಲ್ಲಾಡಿತೆಂದೇ ನಾನು ಸಾಧಿಸಿದೆ. ಅವರು ಮೂರು ದೀಪಗಳನ್ನೂ ಕಳಚಿ, ಮೊದಲಿನಿಂದ ಕಟ್ಟಿ, ಸಂಜೆಯ ಹೊತ್ತಿಗೆ ಚಿತ್ರ ಮುಗಿಸಿ, ಹೊರಡುವಾಗ ಹೇಳಿದರು: "ತಿಂದೆ ಅಂತ ಹೇಳಿದ್ರೆ ಒಂದು ನಿಮಿಷದ ಕೆಲಸ ಇತ್ತು. ನೋಡು, ನಿನ್ನ ಒಂದು ಅಕ್ರೋಟಿಗೆ ನಾಲ್ಕು ಗಂಟೆ ಹೋಯ್ತು."

ಇನ್ನು ಅವರ ಕೀರ್ತಿಗೆ ಮೂಲವಾದ ರಟ್ಟಿನ ವಿಚಾರ. ಕೆಂಪು ವೈನು ಸೀಸೆಯಲ್ಲಿದ್ದಾಗ ಚಿತ್ರದಲ್ಲಿ ಮಸಿಯಂತೆ ಕಾಣುತ್ತದೆ. ಬೆಳಕು ಅದನ್ನು ಹಾಯ್ದು ಬರಲಾರದು. ಇದಕ್ಕೆ ಎರಡು ಉಪಾಯ. ಮೊದಲನೆಯದು, ಸೀಸೆಯ ಆಕಾರಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ ರಟ್ಟನ್ನು ಕತ್ತರಿಸಿ, ಬಂಗಾರದ ಕಾಗದ ಅಂಟಿಸಿ, ಸೀಸೆಯ ಬೆನ್ನಿಗೆ ಯಾರಿಗೂ ಕಾಣದಂತೆ ನಿಲ್ಲಿಸುವುದು. ಕೆಳಗಿನಿಂದ ಅದಕ್ಕೊಂದು ಸಣ್ಣ ದೀಪ ಹೊಡೆದರೆ ಸೀಸೆ ಒಳಗಿನಿಂದ ತಾನೇ ಉರಿದಂತೆ ಬೆಳಗುತ್ತದೆ. ಎರಡನೆಯದು, ರಟ್ಟೊಂದೇ ಸಾಲದಿದ್ದಾಗ ಅದರ ಜೊತೆಗೆ, ಸೀಸೆಯ ವೈನನ್ನು ತೆಗೆದು, ಒಂದು ಪಾಲು ವೈನಿಗೆ ಮೂರು ಪಾಲು ನೀರು ಬೆರೆಸಿ ತುಂಬಿ, ಬಿರಡೆಯನ್ನು ಮೊದಲಿನಂತೆ ಮುಚ್ಚುವುದು. ವ್ಯಾಪಾರಿಗಳು ಇದಕ್ಕೆಂದೇ ಪ್ರತಿಯೊಂದರಲ್ಲೂ ಹೆಚ್ಚಿನ ಸೀಸೆ ಕಳುಹಿಸುತ್ತಿದ್ದರು. ತುಂಬಬಾರದ ಸೀಸೆಯಿದ್ದರೆ ಅಕ್ಕನವರು ಅದರ ಕತ್ತಿಗೆ ಕರಿದಾರ ಕಟ್ಟುತ್ತಿದ್ದರು; ಚಿತ್ರಕ್ಕೆ ಮುಂಚೆ ಅದನ್ನು ಬಿಚ್ಚುವುದು ನನ್ನ ಕೆಲಸ. ಬೆನ್ನಿಗೆ ನಿಂತ ರಟ್ಟನ್ನು ಎಂದೂ ಎಸೆಯಬಾರದು, ಅದರ ಹಿಂಬದಿಯಲ್ಲಿ ದಿನಾಂಕ, ದೀಪಗಳ ಅಂತರ, ನೀರಿನ ಅಳತೆ, ತುಂಬಿದವರ ಸಹಿ ಇರಲೇಬೇಕು ಎಂಬುದು ಅವರ ಕಟ್ಟಪ್ಪಣೆ. ತುಂಬುವವನು ನಾನೇ ಆದ್ದರಿಂದ ಬರೀ ಸಹಿ ಹಾಕಲು ನನ್ನ ಘನತೆ ಒಪ್ಪದೆ, ಪ್ರತಿ ಸಲವೂ ಒಂದೊಂದು ಬಿರುದು ಬರೆದುಕೊಳ್ಳುತ್ತಿದ್ದೆ.

ಈಗ ಆ ಸಾಲಿಗೆ ಕಾರಣವಾದ ಪ್ರಸಂಗ. ಮುಚ್ಚಿಹೋದ ದ್ರಾಕ್ಷಿ ತೋಟವೊಂದರಲ್ಲಿ ಪೀಪಾಯಿ ಮಾಡುತ್ತಿದ್ದ ಅಜ್ಜನೊಬ್ಬ, ಆ ತೋಟದ ಕೊನೆಯ ಸುಗ್ಗಿಯ ಕೊನೆಯ ಸೀಸೆಯನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿಕೊಂಡು ತಂದ. ಸೀಸೆಗೆ ನಲವತ್ತು ವರ್ಷ. ದೂರದೇಶಕ್ಕೆ ಹೋಗಿದ್ದ ಅವನ ಅಣ್ಣ ಮುಂದಿನ ಭಾನುವಾರ ಬರುವವನಿದ್ದ. ಇಬ್ಬರೂ ಕೂತು ಅದನ್ನು ತೆರೆಯುವುದಿತ್ತು. ತೆರೆಯುವ ಮುಂಚೆ ಒಂದು ಚಿತ್ರ ಬೇಕೆಂದು ಅವನ ಆಸೆ. ಅಕ್ಕನವರು ತೆಗೆದ ಆ ಚಿತ್ರ ನಮ್ಮ ಕ್ಯಾಟಲಾಗಿನ ಮುಖಪುಟವಾಗಿ, ಇಂದಿಗೂ ಕಾರಿಡಾರಿನ ನಟ್ಟನಡುವೆ ಇದೆ. ಆದರೆ ಚಿತ್ರ ತೆಗೆದ ಮರುಗಳಿಗೆ ಏನಾಯಿತೆಂದರೆ, ಆ ದಿನದ ಸೆಕೆಗೆ ದೀಪದ ಕಬ್ಬಿಣದ ಕಂಬವೇ ಬಾಗಿ, ಒಣಗಿದ ಬಿರಡೆ ಪಟಾರನೆ ಹಾರಿ ಛಾವಣಿಗೆ ಬಡಿದು, ವೈನೆಲ್ಲ ಕಾರಂಜಿಯಾಗಿ ಚಿಮ್ಮಿ ನೆಲದ ಪಾಲಾಯಿತು. ನಾನು ಜಿಗಿದು ಅರ್ಧ ಲೋಟದಷ್ಟನ್ನು ಗಾಳಿಯಲ್ಲೇ ಹಿಡಿದೆ, ಅದೂ ನಿಲ್ಲಲಿಲ್ಲ. ಬಿರಡೆ ಬಡಿದ ಕಲೆ ಛಾವಣಿಯಲ್ಲಿ ಈಗಲೂ ಇದೆ. ಇದರಲ್ಲಿ ಅಕ್ಕನವರ ತಪ್ಪು ಎಳ್ಳಷ್ಟೂ ಇಲ್ಲ. ಆದರೂ ಸಂಸ್ಥೆ ಅವರನ್ನು ಮೂರು ವರ್ಷ ಸೀಸೆಗಳಿಂದ ದೂರವಿಟ್ಟು, ಸೋಪು, ಚಪ್ಪಲಿ, ಬಕೆಟ್ಟುಗಳ ಚಿತ್ರ ತೆಗೆಯಲು ಹಾಕಿತು. ಅವರು ಒಂದು ಸೋಪಿಗೆ ಎರಡು ದಿನ ದೀಪ ಕಟ್ಟಿದರು. ಆ ಸೋಪಿನ ಅಂಚಿನಲ್ಲಿ ಬೆಳಕು ಒಳಗಿಳಿದು ನಿಂತ ಬಗೆಯನ್ನು ನೋಡಿ, ಸೀಸೆಯ ವ್ಯಾಪಾರಿಗಳೇ ಅವರನ್ನು ಮರಳಿ ಕಳುಹಿಸಿರೆಂದು ಬರೆದರು. ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಮಾತ್ರ ದಫ್ತರದ ಆ ಸಾಲು ಅಡ್ಡ ಬಂದು, ಅವರಿಗೆ ಸಲ್ಲಬೇಕಾದದ್ದು ನನಗೆ ಬಂತು. ಅಕ್ಕನವರು ನೂರ್ಕಾಲ ಬಾಳಲೆಂದು ಹಾರೈಸುತ್ತೇನೆ.

ಇಲ್ಲಿಗೆ ಲೇಖನ ಮುಗಿಸಿ, ಅಚ್ಚುಕಟ್ಟಾಗಿ ಮಡಚಿ, ಲೇಬಲ್ ಚಿಕ್ಕಮ್ಮನವರಿಗೆ ಕೊಟ್ಟು ಬಂದಿದ್ದೆ.

ಮೂರನೆಯ ದಿನ ಅವರು ನನ್ನ ಕೋಣೆಗೆ ಬಂದರು. ಕೈಯಲ್ಲಿ ನನ್ನ ಲೇಖನ, ಕಂಕುಳಲ್ಲೊಂದು ಕವರು. ಕೂರಿ ಎಂದರೂ ಕೂರಲಿಲ್ಲ.

"ಛಾವಣಿ ನೋಡಿ ಬಂದೆ ಕಣಪ್ಪ. ಏಣಿ ಹತ್ತಿ. ಈ ವಯಸ್ಸಲ್ಲಿ."

"ಕಲೆ ಕಾಣಿಸ್ತಾ ಚಿಕ್ಕಮ್ಮ?"

"ಕಪ್ಪು ಬಣ್ಣದಲ್ಲಿ ಕೆಂಪು ಕಲೆ ಎಲ್ಲಿ ಕಾಣ್ಬೇಕು ಅಂತ ತಾನೇ ನೀನು ಛಾವಣೀನ ಆರಿಸಿಕೊಂಡಿದ್ದು? ಸರಿ, ಅದು ಹೋಗ್ಲಿ. ಬಿರಡೆ ಹಾರೋ ಸೆಕೆ ಅಂದ್ಯಲ್ಲ, ಆ ಅಜ್ಜ ಸೀಸೆ ಸುತ್ತಿ ತಂದಿದ್ದು ಸ್ವೆಟರಿನಲ್ಲಿ. ಹೊರಗೆ ಚಳಿ ಇತ್ತೋ ಸೆಕೆ ಇತ್ತೋ?"

ಸುಳ್ಳು ಹೇಳುವುದರಲ್ಲಿ ಮೂರು ಲೋಕಕ್ಕೂ ಒಬ್ಬನೇ ಎನಿಸಿಕೊಂಡ ನಾನು ಆ ಸ್ವೆಟರನ್ನು ನನ್ನ ಕೈಯಾರೆ ಬರೆದಿದ್ದೆ.

"ಬುರುಡೆ ಬಿಡೋದಾದ್ರೂ ಸರಿಯಾಗಿ ಬಿಡಬಾರದಾ," ಎಂದವರೇ ಕವರಿನಿಂದ ಒಂದು ರಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಬೀಳ್ಕೊಡುಗೆಯ ದಿನದ ಪ್ರದರ್ಶನಕ್ಕೆಂದು ಅಕ್ಕನವರು ತಮ್ಮ ಬೀರುವಿನ ಕೀಲಿಯನ್ನು ಅವರಿಗೆ ಕೊಟ್ಟಿದ್ದರಂತೆ. ಅದರಲ್ಲಿ ನಾಲ್ಕು ಸಾವಿರದ ಚಿಲ್ಲರೆ ರಟ್ಟುಗಳು, ವರ್ಷಕ್ಕೊಂದು ಕಟ್ಟು. ಇದು ಮಾತ್ರ ಯಾವ ಕಟ್ಟಿನಲ್ಲೂ ಸೇರದೆ, ಕೆಳಗಿನ ಖಾನೆಯಲ್ಲಿ ಹಾಸಿದ್ದ ಕಾಗದದ ಅಡಿಯಲ್ಲಿತ್ತು. ಉದ್ದ ಕತ್ತಿನ ಹಳೆಯ ಸೀಸೆಯ ಆಕಾರ. ತಿರುಗಿಸಿದೆ. ದಿನಾಂಕ ಅದೇ. ಮಾಸಿದ ಶಾಯಿಯಲ್ಲಿ ನನ್ನದೇ ಅಕ್ಷರ: "ವೈನು ಒಂದು, ನೀರು ಮೂರು. ತುಂಬಿದವನು: ಈ ಕೆಲಸದಲ್ಲಿ ತನಗೆ ಸಮಾನರಿಲ್ಲದ ಧೀರ."

"ಈ ಧೀರ ಯಾರಪ್ಪ?" ಎಂದರು ಚಿಕ್ಕಮ್ಮ.

ಅವರು ಲೇಖನವನ್ನು ರಟ್ಟಿನ ಪಕ್ಕದಲ್ಲಿಟ್ಟರು. "ಈ ರಟ್ಟನ್ನ ನಾನೇ ಮಂಡಳಿ ಮುಂದೆ ಇಡಬಹುದು. ಇಡಲ್ಲ. ಇಪ್ಪತ್ತೆರಡು ವರ್ಷ ಅವಳು ಮುಚ್ಚಿಟ್ಟಿದ್ದನ್ನ ನಾನು ಯಾಕೆ ತೆರೆಯಲಿ. ಬಿರಡೆ ಹಾಕಿದವನು ನೀನು, ನೀನೇ ತೆಗಿ. ನಾಳೆ ಸಂಜೆವರೆಗೆ ಅಚ್ಚಿಗೆ ಕೊಡದೆ ಕಾಯ್ತೀನಿ."

ಆದ್ದರಿಂದ ಮೇಲೆ ಬರೆದ ಕಾರಂಜಿಯ ಕಥೆಯನ್ನು ಹೊಡೆದುಹಾಕದೆ ಹಾಗೇ ಬಿಟ್ಟು, ನಡೆದದ್ದನ್ನು ಇಲ್ಲಿ ಬರೆಯುತ್ತೇನೆ. ಹೊಡೆದುಹಾಕಿದರೆ ನಾನು ಈ ಸಲವಾದರೂ ಮೊದಲೇ ನಿಜ ಹೇಳಿದೆನೆಂದು ಮಂಡಳಿಯವರು ತಿಳಿದಾರು.

ಆ ದಿನ ಚಳಿಯಿತ್ತು. ಇಬ್ಬರು ವ್ಯಾಪಾರಿಗಳು ಸ್ಟುಡಿಯೋ ನೋಡಲು ಬಂದಿದ್ದರು. ಗಂಟೆಗೆ ಇಪ್ಪತ್ತು ಸೀಸೆ ತುಂಬುತ್ತೇನೆಂದು ಅವರ ಮುಂದೆ ಕೊಚ್ಚಿಕೊಂಡು, ತುಂಬಿಯೂ ತೋರಿಸುತ್ತಿದ್ದೆ. ಅಜ್ಜನ ಸೀಸೆಯ ಬಾಯಿಗೆ ಹಳೆಯ ಕಾಲದ ಅರಗು ಮೆತ್ತಿ, ಅದರೊಳಗೆ ಸಣಬಿನ ದಾರ ಸುತ್ತಿತ್ತು. ಅಕ್ಕನವರು ಕಟ್ಟಿದ ಕರಿದಾರವನ್ನೂ ಆ ಹಳೆಯ ದಾರದ ಭಾಗವೆಂದೇ ಎಣಿಸಿ, ಅರಗಿನ ಜೊತೆಗೆ ಕತ್ತರಿಸಿ ಎಸೆದೆ. ನಲವತ್ತು ವರ್ಷದ ವೈನನ್ನು ತೊಟ್ಟಿಗೆ ಸುರಿದು, ತಳದ ಗಸಿ ಹೋಗುವವರೆಗೆ ಸೀಸೆಯನ್ನು ಕುಲುಕಿ ಕುಲುಕಿ ತೊಳೆದು, ಬೇರೆ ಸೀಸೆಯಲ್ಲಿ ಉಳಿದಿದ್ದ ವೈನಿಗೆ ನೀರು ಬೆರೆಸಿ ತುಂಬಿ, ಅರಗು ಕರಗಿಸಿ ಮೊದಲಿನಂತೆಯೇ ಮುಚ್ಚಿದೆ. ಆ ಕೆಲಸ ಎಷ್ಟು ಚೆನ್ನಾಗಿತ್ತೆಂದರೆ, ಅಜ್ಜನಿಗೇ ಗೊತ್ತಾಗುತ್ತಿರಲಿಲ್ಲ. ಇದೊಂದು ಮಾತ್ರ ಉತ್ಪ್ರೇಕ್ಷೆಯಲ್ಲ.

ಅಕ್ಕನವರು ಚಿತ್ರ ತೆಗೆದರು. ಸೀಸೆ ಮಾಣಿಕ್ಯದಂತೆ ಬೆಳಗಿತು. ಮರುದಿನ ಫಿಲಮ್ಮನ್ನು ಬೆಳಕಿನ ಮೇಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದವರು ಬಹಳ ಹೊತ್ತು ತಲೆಯೆತ್ತಲಿಲ್ಲ.

"ನಲವತ್ತು ವರ್ಷದ ವೈನು. ತಳದಲ್ಲಿ ಗಸಿ ಎಲ್ಲಿ?"

"ಕೆಲವಕ್ಕೆ ಇರೋದಿಲ್ಲವಂತೆ ಅಕ್ಕ."

ಅವರು ಹೋಗಿ ರಟ್ಟನ್ನು ತಂದು, ತಿರುಗಿಸಿ, ಓದಿ, ತಮ್ಮ ಚೀಲಕ್ಕೆ ಹಾಕಿಕೊಂಡರು. ಆ ದಿನವೇ ಅವರು ಸೀಸೆ ಹಿಡಿದು ಅಜ್ಜನ ಮನೆಗೆ ಹೊರಟರು. ನಾನು ಹಿಂದೆ ಹೋಗಿ ಬೀದಿಯ ಆಚೆ, ನಿಂತ ಲಾರಿಯ ಮರೆಯಲ್ಲಿ ನಿಂತೆ. ಬಾಗಿಲಲ್ಲಿ ಅವರು ಏನು ಹೇಳಿದರೋ ಕೇಳಿಸಲಿಲ್ಲ. ಅಜ್ಜ ಸೀಸೆಯನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದ. ಅವನು ಕೂಗಾಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಸೀಸೆಯನ್ನು ಹಾಗೇ ಹಿಡಿದುಕೊಂಡು ಒಳಗೆ ಹೋಗಿ, ಮೆತ್ತಗೆ ಬಾಗಿಲು ಹಾಕಿಕೊಂಡ.

ವ್ಯವಸ್ಥಾಪಕರ ಕೋಣೆಯಲ್ಲಿ ಅಕ್ಕನವರು ಹೇಳಿದ್ದು ಒಂದೇ ಮಾತು: "ಆ ಮೇಜಿನ ಮೇಲೆ ಆಗೋದೆಲ್ಲ ನನ್ನ ಹೊಣೆ." ಯಾರು ಮಾಡಿದ್ದೆಂದು ಮೂರು ಸಲ ಕೇಳಿದರೂ ಅದನ್ನೇ ಹೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ, ಅವರದೇ ಕರಿಯ ಕೋಟು ತೊಟ್ಟು. ಹೊರಗೆ ಬಂದ ಮೇಲೆ ಕೇಳಿದೆ, ಯಾಕಕ್ಕ ಹೀಗೆ ಮಾಡಿದಿರಿ ಎಂದು.

"ನನ್ನನ್ನ ಸೋಪಿಗೆ ಹಾಕಿದ್ರೆ ಸೋಪಿನ ಫೋಟೋ ತೆಗೀತೀನಿ. ನನಗೆ ಕೆಲಸ ಬರುತ್ತೆ. ನಿನ್ನನ್ನ ಹೊರಗೆ ಹಾಕಿದ್ರೆ ನಿನಗೆ ಬರೋದು ಬರೀ ಮಾತು."

"ನಾನೇ ಹೋಗಿ ಹೇಳಿಬಿಡ್ತೀನಿ."

"ಹೇಳು. ನಾನು ಬೇಡ ಅನ್ನಲ್ಲ. ಆದ್ರೆ ನಾನು ಹೇಳಿಸಲ್ಲ."

ಹೇಳಲಿಲ್ಲ. ಆ ವಾರ ಹೇಳಲಿಲ್ಲ, ಆ ವರ್ಷ ಹೇಳಲಿಲ್ಲ. ಆರು ವರ್ಷದ ಮೇಲೆ ಮುಖ್ಯಸ್ಥನ ಕುರ್ಚಿ ಕೊಟ್ಟಾಗ, ಕೊಡುವವರ ಕೈ ಕುಲುಕಿದೆನೇ ಹೊರತು ಬಾಯಿ ಬಿಡಲಿಲ್ಲ. ಹಗಲಿಗೆ ನೂರು ಕಥೆ ಕಟ್ಟುವ ಬಾಯಿ ಇದೊಂದಕ್ಕೆ ಹೊಲಿದುಕೊಂಡಿತು. ಆ ಒಂದನ್ನು ಮುಚ್ಚಿಡಲಿಕ್ಕೇ ಉಳಿದ ನೂರನ್ನು ಕಟ್ಟುತ್ತಿದ್ದೆನೋ ಏನೋ. ಅಕ್ಕನವರು ಪ್ರತಿ ತಿಂಗಳೂ ಅಜ್ಜನ ಮನೆಗೆ ಹೋಗುತ್ತಿದ್ದರು. ಅಣ್ಣ ಬಂದ ಭಾನುವಾರ ಇಬ್ಬರೂ ಅದೇ ಸೀಸೆಯಲ್ಲಿ ನೀರು ತುಂಬಿಕೊಂಡು, ಎರಡು ಲೋಟಕ್ಕೆ ಬಗ್ಗಿಸಿ ಕುಡಿದರೆಂದು ಅಜ್ಜನೇ ಅವರಿಗೆ ಹೇಳಿದನಂತೆ. ಅಜ್ಜ ಈಗಿಲ್ಲ. ಚೆಲ್ಲಿದವರು ಅಕ್ಕನವರೆಂದೇ ತಿಳಿದು, ಅವರನ್ನು ಕ್ಷಮಿಸಿ, ಅವನು ಹೋದ. ಅವನ ಮುಂದೆ ನಿಲ್ಲುವ ಅವಕಾಶವನ್ನು ನಾನು ಕಳೆದುಕೊಂಡೆ. ಮಂಡಳಿಯ ಮುಂದೆ ನಿಲ್ಲುವುದನ್ನು ಕಳೆದುಕೊಳ್ಳುವುದಿಲ್ಲ.

ನಿನ್ನೆ ಈ ಹಾಳೆಗಳನ್ನು ಹಿಡಿದು ಸ್ಟುಡಿಯೋಕ್ಕೆ ಹೋದೆ. ಅಕ್ಕನವರು ಹತ್ತಿಯ ಕೈಗವಸು ತೊಟ್ಟು ಕೊನೆಯ ಸೀಸೆಯೊಂದನ್ನು ಒರೆಸುತ್ತಿದ್ದರು. ನಿಂತುಕೊಂಡೇ ಓದಿದರು. ಕಾರಂಜಿಯ ಹತ್ತಿರ ಬಂದಾಗ ನಕ್ಕರು, ಆಮೇಲೆ ನಗಲಿಲ್ಲ. ಮುಗಿಸಿ ಹಾಳೆ ಹಿಂದಿರುಗಿಸಿದರು.

"ಒಂದು ನಿಮಿಷದ ಕೆಲಸ ಇತ್ತು," ಎಂದರು. ಸೀಸೆಯನ್ನು ಮೇಜಿನ ಮೇಲಿಟ್ಟು, "ಆ ದೀಪ ಇತ್ತ ಸರಿಸು. ಲೇಬಲ್ಲಿನ ಎಡಗಡೆ ಕತ್ತಲಾಗಿದೆ," ಎಂದರು.

ಸರಿಸಿದೆ.

ಮಾನ್ಯ ಆಡಳಿತ ಮಂಡಳಿಯವರು ದಫ್ತರದ ಆ ಸಾಲಿನಲ್ಲಿ ಅಕ್ಕನವರ ಹೆಸರನ್ನು ಹೊಡೆದು ನನ್ನ ಹೆಸರನ್ನು ಬರೆಯಬೇಕೆಂದು ಬೇಡುತ್ತೇನೆ. ಗೋಡೆಯ ಮೇಲೆ ಅವರ ಚಿತ್ರಕ್ಕೆ ಜಾಗವಿಲ್ಲವೆಂಬ ಚಿಂತೆ ಬೇಡ; ನನ್ನ ಚಿತ್ರವನ್ನು ಈ ಬೆಳಿಗ್ಗೆ ನಾನೇ ಇಳಿಸಿದ್ದೇನೆ, ಮೊಳೆ ಗಟ್ಟಿಯಾಗಿದೆ. ಅಕ್ಕನವರು ನಿವೃತ್ತಿಯ ಮರುದಿನದಿಂದಲೇ ತಮ್ಮ ಮನೆಯ ಹಿಂದಿನ ಕೋಣೆಗೆ ಕಪ್ಪು ಬಣ್ಣ ಬಳಿಸುವವರಿದ್ದಾರೆ. ಅವರ ಕಣ್ಣು ಮಬ್ಬಾಗದಿರಲಿ, ಕೈ ನಡುಗದಿರಲಿ, ಇನ್ನೂ ಸಾವಿರ ಸೀಸೆಗಳು ಅವರ ಮೇಜಿನ ಮೇಲೆ ಬೆಳಗಲಿ. ಆ ಕೋಣೆಗೆ ಬಣ್ಣ ಬಳಿಯುವ ಕೆಲಸವನ್ನಾದರೂ ಅವರು ನನಗೆ ಬಿಡಲಿ.

ಮೊದಲಿಗೆ ಹೇಳಿದ ಮುಕ್ಕಾಲು ಪಾಲಿನ ಲೆಕ್ಕವೂ ಸುಳ್ಳು. ಅವರು ತೆಗೆದದ್ದು ನಾಲ್ಕು ಸಾವಿರದ ನೂರ ಹನ್ನೆರಡು ಚಿತ್ರಗಳು. ರಟ್ಟುಗಳನ್ನು ಕೂತು ಎಣಿಸಿದ್ದೇನೆ. ಅವುಗಳಲ್ಲಿ ಒಂದರ ಹಿಂಬದಿಯ ಬಿರುದನ್ನು ಇಂದು ಹೊಡೆದುಹಾಕಿ, ಕೆಳಗೆ ನನ್ನ ಬರೀ ಸಹಿ ಹಾಕಿ, ಈ ಲೇಖನಕ್ಕೆ ಲಗತ್ತಿಸಿದ್ದೇನೆ. ಆ ಸೀಸೆಯನ್ನು ತುಂಬಿದವನು ನಾನು.